ಶಾಲೆ ಶುರುವಾದ ಮೇಲೂ ನಮ್ಮ ಓದು ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನೀವು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೀರಿ. ರಜೆಯಲ್ಲಿ ಒಂದರ ಹಿಂದೆ ಒಂದು ಪುಸ್ತಕ ಓದಿ ಮುಗಿಸುತ್ತೀರಿ. ಶಾಲೆ ಶುರುವಾದರೆ ಮಾತ್ರ ಒಂದೇ ಪುಸ್ತಕ ತಿಂಗಳುಗಟ್ಟಲೆ ಅದೇ ಪುಟದಲ್ಲಿ ಬಿದ್ದಿರುತ್ತದೆ. ದಿನಕ್ಕೆ ಒಂದು ಗಂಟೆ ಓದಬೇಕು ಅಂತ ಗೊತ್ತು ಮಾಡಿಕೊಂಡರೂ ಎರಡನೇ ವಾರಕ್ಕೆ ತಪ್ಪಿಹೋಗುತ್ತದೆ. ಬಿಡುವಾದಾಗ ಓದಲು ಕೂತರೆ ತಿದ್ದದೆ ಉಳಿದ ನೋಟ್‌ಬುಕ್‌ಗಳೇ ಕಣ್ಮುಂದೆ ಬರುತ್ತವೆ. ಕೊನೆಯಲ್ಲಿ, ಆಡಿಯೋಬುಕ್ ಕೇಳಿದರೆ ಅದು ಓದಿನ ಲೆಕ್ಕಕ್ಕೆ ಬರುತ್ತದಾ ಅಂತಲೂ ಕೇಳಿದ್ದೀರಿ.

ನಾನೂ ಶಿಕ್ಷಕಿ. ಭಾಷೆ ಪಾಠ ಮಾಡುತ್ತೇನೆ, ಹಾಗಾಗಿ ತಿದ್ದುವ ಕೆಲಸ ಸ್ವಲ್ಪ ಜಾಸ್ತಿಯೇ. ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ನಮ್ಮ ಓದು ನಿಲ್ಲುವುದು ಎಳೆ ಕಡಿದುಹೋಗುವುದರಿಂದ. ನಾಲ್ಕು ದಿನ ಪುಸ್ತಕ ಮುಟ್ಟದಿದ್ದರೆ ಯಾರು ಯಾರಿಗೆ ಏನಾಗಬೇಕು ಅನ್ನುವುದೇ ಮರೆಯುತ್ತದೆ. ವಿಚಾರದ ಪುಸ್ತಕವಾದರೆ ಲೇಖಕರು ಏನು ಹೇಳಲು ಹೊರಟಿದ್ದರು ಅಂತ ನೆನಪಿರುವುದಿಲ್ಲ. ಐದನೇ ದಿನ ಹತ್ತು ನಿಮಿಷ ಸಿಕ್ಕರೂ ಅದೆಲ್ಲ ಹಿಂದಿನ ಪುಟ ತಿರುವುವುದರಲ್ಲೇ ಕಳೆಯುತ್ತದೆ. ಆಮೇಲೆ ಪುಸ್ತಕ ಕೈಗೆತ್ತಿಕೊಳ್ಳುವುದೇ ಒಂದು ಕೆಲಸ ಅನ್ನಿಸತೊಡಗುತ್ತದೆ. ದಿನವಿಡೀ ಪಾಠ ಮಾಡಿ ಬಂದವರಿಗೆ ಇನ್ನೊಂದು ಕೆಲಸ ಯಾಕೆ ಬೇಕು ಹೇಳಿ.

ಸಮಯದ ಲೆಕ್ಕವನ್ನೇ ನೋಡೋಣ. ಬೆಲ್ಜಿಯಂನ ಮನೋವಿಜ್ಞಾನಿ ಮಾರ್ಕ್ ಬ್ರಿಸ್‌ಬರ್ಟ್ 2019ರಲ್ಲಿ 190 ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು ವಯಸ್ಕರ ಓದಿನ ವೇಗ ಲೆಕ್ಕ ಹಾಕಿದರು. ಇಂಗ್ಲಿಷನ್ನು ಮನಸ್ಸಿನಲ್ಲೇ ಓದಿಕೊಳ್ಳುವಾಗ ಮಾಹಿತಿಯ ಬರಹವಾದರೆ ನಿಮಿಷಕ್ಕೆ ಸುಮಾರು 238 ಪದ, ಕಥೆ ಕಾದಂಬರಿಯಾದರೆ 260 ಪದ. ಕನ್ನಡದ ಪದಗಳು ಉದ್ದ, ಪ್ರತ್ಯಯಗಳೆಲ್ಲ ಅದರೊಳಗೇ ಸೇರಿಕೊಂಡಿರುತ್ತವೆ. ಹಾಗಾಗಿ ಆ ಅಂಕಿ ನಮಗೆ ನೇರವಾಗಿ ಹೊಂದುವುದಿಲ್ಲ, ಪುಟದ ಲೆಕ್ಕವೇ ವಾಸಿ. ಹತ್ತು ನಿಮಿಷಕ್ಕೆ ಐದು ಪುಟ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 150 ಪುಟ ಆಯಿತು. ಒಂದು ಸಣ್ಣ ಕಾದಂಬರಿ ಮುಗಿಯಿತು. ದಿನಕ್ಕೆ ಒಂದು ಗಂಟೆ ಅನ್ನುವುದನ್ನು ಬಿಟ್ಟುಬಿಡಿ. ನಮ್ಮಂಥವರ ದಿನದಲ್ಲಿ ಒಂದು ಗಂಟೆ ಇಡಿಯಾಗಿ ಸಿಗುವುದೇ ಕಷ್ಟ, ಸಿಕ್ಕರೂ ಮೊದಲು ಕೈ ಹೋಗುವುದು ಪಾಠಯೋಜನೆಗೆ.

ಆದರೆ ಆ ಹತ್ತು ನಿಮಿಷ ದಿನದ ಒಂದೇ ಜಾಗದಲ್ಲಿ ಇರಬೇಕು. ನಾನು ಮನೆಗೆ ಬಂದು ಬಟ್ಟೆ ಬದಲಾಯಿಸಿದ ಕೂಡಲೇ ಓದುತ್ತೇನೆ, ಫೋನ್ ನೋಡುವುದಕ್ಕೆ ಮೊದಲು. ನಿಮಗೆ ಬೆಳಿಗ್ಗೆ ಸರಿಹೋಗಬಹುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಅವರ ಜೊತೆಗಾರರು ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು ಎಷ್ಟು ದಿನ ಬೇಕು ಅಂತ 96 ಜನರಲ್ಲಿ ನೋಡಿದ್ದರು. ಒಬ್ಬೊಬ್ಬರಿಗೆ ಒಂದೊಂದು ಥರ: ಕೆಲವರಿಗೆ 18 ದಿನ, ಕೆಲವರಿಗೆ 254 ದಿನ, ನಡುವಿನ ಅಂಕಿ 66. ನಮಗೆ ಮುಖ್ಯವಾಗಿ ಬೇಕಾದದ್ದು ಅದೇ ಅಧ್ಯಯನದ ಇನ್ನೊಂದು ಮಾತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಪೋಷಕರ ಸಭೆ ಇದ್ದ ದಿನ ಓದು ತಪ್ಪಿದರೆ ಅದಕ್ಕಾಗಿ ಕೊರಗಬೇಡಿ. ಮರುದಿನ ದುಪ್ಪಟ್ಟು ಓದಿ ಸರಿಮಾಡಲೂ ಹೋಗಬೇಡಿ. ಎಂದಿನ ಹತ್ತು ನಿಮಿಷಕ್ಕೇ ಮರಳಿ.

ಈಗ ನೋಟ್‌ಬುಕ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಅದೇ. ಕಣ್ಣು ಪುಟದ ಮೇಲೆ ಇರುತ್ತದೆ, ತಲೆ ಮಾತ್ರ ಸ್ಟಾಫ್ ರೂಮಿನ ಮೇಜಿನ ಹತ್ತಿರವೇ ಇರುತ್ತದೆ. ಇದು ಸೋಮಾರಿತನವೂ ಅಲ್ಲ, ಏಕಾಗ್ರತೆ ಕಮ್ಮಿ ಅಂತಲೂ ಅಲ್ಲ. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಇದನ್ನು ತೋರಿಸಿದರು: ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಭಾಗ ಹಿಂದಿನದ್ದರಲ್ಲೇ ಉಳಿದುಬಿಡುತ್ತದೆ. ಶಿಕ್ಷಕರ ಕೆಲಸ ಎಂದಾದರೂ ಪೂರ್ತಿ ಮುಗಿಯುತ್ತದಾ? ತಿದ್ದುವುದು ಮುಗಿದರೆ ಮಾರ್ಕ್ಸ್ ಎಂಟ್ರಿ, ಅದು ಮುಗಿದರೆ ಮುಂದಿನ ಪಾಠ. ಎಲ್ಲ ಮುಗಿಸಿ ಓದೋಣ ಅಂದುಕೊಂಡರೆ ವರ್ಷವೇ ಮುಗಿಯುತ್ತದೆ.

ಅದೇ ಲೆರಾಯ್ ಮತ್ತು ಅವರ ಸಹೋದ್ಯೋಗಿಯೊಬ್ಬರು 2018ರಲ್ಲಿ ಒಂದು ಸುಲಭದ ದಾರಿಯನ್ನೂ ತೋರಿಸಿದರು. ಕೆಲಸ ಬಿಟ್ಟು ಏಳುವ ಮುಂಚೆ ಎಲ್ಲಿಗೆ ನಿಲ್ಲಿಸಿದೆ, ಮತ್ತೆ ಬಂದಾಗ ಮೊದಲು ಏನು ಮಾಡಬೇಕು ಅಂತ ಚುಟುಕಾಗಿ ಬರೆದಿಟ್ಟವರು ಮುಂದಿನ ಕೆಲಸದಲ್ಲಿ ಚೆನ್ನಾಗಿ ತೊಡಗಿಕೊಂಡರು. ನಾನು ಈಗ ಮಾಡುವುದು ಇಷ್ಟೇ. ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ಒಂದು ಚೀಟಿ ಅಂಟಿಸುತ್ತೇನೆ: ‘ಬಿ ಸೆಕ್ಷನ್, ಪ್ರಬಂಧದ ಪ್ರಶ್ನೆಯಿಂದ. ಇಬ್ಬರದು ಒಂದೇ ಥರ ಇದೆ, ಕರೆದು ಮಾತಾಡಬೇಕು.’ ಬರೆದ ಮೇಲೆ ಅದನ್ನು ತಲೆಯಲ್ಲಿ ಹೊತ್ತುಕೊಳ್ಳುವ ಅಗತ್ಯ ಇರುವುದಿಲ್ಲ. ಕಟ್ಟು ಮುಗಿದಿರುವುದಿಲ್ಲ, ಆದರೆ ಅದು ನನ್ನನ್ನು ಕರೆಯುವುದೂ ಇಲ್ಲ. ಇದನ್ನು ಒಂದೆರಡು ವಾರ ಮಾಡಿ ನೋಡಿ, ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಇದೇ ಚೀಟಿಯನ್ನು ಪುಸ್ತಕಕ್ಕೂ ಇಡಿ. ಪುಸ್ತಕದ ನಡುವೆ ಇಡುವ ಕಾಗದದ ಮೇಲೆ, ಓದು ನಿಲ್ಲಿಸುವಾಗ ಒಂದು ಸಾಲು: ‘ಅಣ್ಣ ಪತ್ರ ಸುಟ್ಟುಹಾಕಿದ, ತಂಗಿಗೆ ಇನ್ನೂ ಗೊತ್ತಿಲ್ಲ.’ ಅಷ್ಟು ಸಾಕು. ವಿಚಾರದ ಪುಸ್ತಕವಾದರೆ ‘ಇಲ್ಲಿವರೆಗೆ ಮೂರು ಕಾರಣ ಹೇಳಿದರು, ಮೂರನೆಯದು ನನಗೆ ಒಪ್ಪಿಗೆ ಇಲ್ಲ’. ನಾಲ್ಕು ದಿನ ಬಿಟ್ಟು ಬಂದರೂ ಆ ಸಾಲು ನಿಮ್ಮನ್ನು ಸೀದಾ ಒಳಗೆ ಕರೆದೊಯ್ಯುತ್ತದೆ, ಹಿಂದಿನ ಅಧ್ಯಾಯ ತಿರುವಬೇಕಾಗಿಲ್ಲ. ನನ್ನ ಪ್ರಕಾರ ಶಾಲೆಯ ವರ್ಷದಲ್ಲಿ ಓದನ್ನು ಉಳಿಸುವ ಉಪಾಯಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಅದೇ ಪುಟದಲ್ಲಿ ಬಿದ್ದಿರುವ ನಿಮ್ಮ ಪುಸ್ತಕವನ್ನು ಸದ್ಯಕ್ಕೆ ಎತ್ತಿಡಿ. ಅದರ ಎಳೆ ಹೋಗಿಯಾಗಿದೆ. ರಜೆಯಲ್ಲಿ ಮೊದಲಿಂದ ಓದಬಹುದು. ಈಗ ತೆಳ್ಳಗಿನ ಬೇರೆ ಪುಸ್ತಕ ಶುರು ಮಾಡಿ.

ಯಾವಾಗ ಏನು ಓದಬೇಕು ಅನ್ನುವುದೂ ಮುಖ್ಯ. ವರ್ಷದ ಎಲ್ಲ ವಾರಗಳೂ ಒಂದೇ ಥರ ಇರುವುದಿಲ್ಲ, ಇದು ನಿಮಗೇ ಗೊತ್ತು. ದಪ್ಪ ಪುಸ್ತಕ ಓದುವ ಆಸೆ ಇದ್ದರೆ ರಜೆಯ ಕೊನೆಯ ವಾರದಲ್ಲಿ ಶುರು ಮಾಡಿ. ಶಾಲೆಯ ಮೊದಲ ದಿನದ ಹೊತ್ತಿಗೆ ನೂರಿನ್ನೂರು ಪುಟ ಒಳಗೆ ಇದ್ದರೆ ಕಥೆಯೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಮುಂದೆ ಓದುವ ನಾಲ್ಕೈದು ಪುಸ್ತಕಗಳನ್ನೂ ರಜೆಯಲ್ಲೇ ಆರಿಸಿ ಒಂದು ಕಡೆ ಜೋಡಿಸಿಡಿ. ಟರ್ಮ್ ನಡುವೆ ‘ಮುಂದೆ ಯಾವುದು ಓದಲಿ’ ಅಂತ ಯೋಚಿಸುವುದಕ್ಕೂ ಶಕ್ತಿ ಬೇಕು. ಆ ಶಕ್ತಿ ಇಲ್ಲದ ಸಂಜೆಯೇ ಫೋನ್ ಕೈಗೆ ಬರುವುದು.

ಪರೀಕ್ಷೆಯ ವಾರಗಳ ಕಥೆಯೇ ಬೇರೆ. ಒಂದೇ ಪ್ರಶ್ನೆಗೆ ಒಂದೇ ಉತ್ತರವನ್ನು ಕ್ಲಾಸಿನವರೆಲ್ಲರ ಕೈಬರಹದಲ್ಲಿ ಓದಿ ಎದ್ದಾಗ ಕಣ್ಣು ಇನ್ನೊಂದು ಅಕ್ಷರ ಬೇಡ ಅನ್ನುತ್ತದೆ. ಆಗ ಹೊಸ ಕಾದಂಬರಿ ಹಿಡಿಯಬೇಡಿ. ಕವಿತೆ ಓದಿ, ಒಂದು ದಿನಕ್ಕೆ ಒಂದು. ಪತ್ರಗಳು, ಸಣ್ಣ ಪ್ರಬಂಧಗಳು, ಡೈರಿ ಥರದ ಬರಹಗಳೂ ಆಗುತ್ತವೆ. ಎಲ್ಲಕ್ಕಿಂತ ಒಳ್ಳೆಯದು ಹಿಂದೆ ಓದಿ ಮೆಚ್ಚಿದ ಪುಸ್ತಕವನ್ನೇ ಮತ್ತೆ ಓದುವುದು. ಅದರ ಎಳೆ ಕಡಿಯುವುದಿಲ್ಲ, ಯಾವ ಪುಟ ತೆರೆದರೂ ದಾರಿ ಗೊತ್ತಿರುತ್ತದೆ. ಮತ್ತೆ ಓದುವುದನ್ನು ಕೆಲವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನಗೆ ಅದು ಒಪ್ಪಿಗೆ ಇಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಮಗಳ ಪರ ನಿಂತು ಓದಿದ ಕಾದಂಬರಿಯಲ್ಲಿ ನಲವತ್ತಕ್ಕೆ ಬಂದಾಗ ತಾಯಿಯ ಮಾತೂ ಕೇಳಿಸುತ್ತದೆ. ಅದು ಹೊಸ ಓದೇ.

ಇನ್ನೊಂದು ವಿಷಯ ಶಿಕ್ಷಕರಿಗೇ ಹೇಳಬೇಕಾದದ್ದು. ನಾವು ಏನು ಓದಿದರೂ ತಲೆಯ ಒಂದು ಮೂಲೆ ‘ಇದನ್ನು ಒಂಬತ್ತನೇ ಕ್ಲಾಸಿಗೆ ಕೊಡಬಹುದು, ಇದರಲ್ಲಿ ಒಳ್ಳೆ ಪ್ರಶ್ನೆ ಇದೆ’ ಅಂತ ಹುಡುಕುತ್ತಲೇ ಇರುತ್ತದೆ. ಕೈಗೆ ಪೆನ್ಸಿಲ್ ಬರುತ್ತದೆ, ಮೂರು ಸಾಲಿಗೆ ಒಂದು ಗೆರೆ. ಆಗ ಸ್ವಂತ ಓದೂ ಶಾಲೆ ಕೆಲಸದ ಒಂದು ಭಾಗವೇ ಆಗಿಹೋಗುತ್ತದೆ. ಪಾಠಕ್ಕೆ ಬೇಕಾದ ಓದು ಇರಲಿ, ಅದು ಬೇಕೇ ಬೇಕು. ಅದರ ಜೊತೆಗೆ ಒಂದು ಪುಸ್ತಕ ಮಾತ್ರ ಕ್ಲಾಸಿಗೆ ಯಾವತ್ತೂ ಹೋಗದೇ ಇರುವಂಥದ್ದು ಇರಲಿ. ನಿಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದ್ದು ಆರಿಸಿ. ನಾನು ಭಾಷೆಯವಳು, ನನಗೆ ಆಕಾಶಕಾಯಗಳ ಬಗ್ಗೆ ಓದುವುದು ಇಷ್ಟ. ಅದರಿಂದ ಕ್ಲಾಸಿಗೆ ಏನು ಲಾಭ ಅಂತ ಯಾರೂ ಕೇಳಬೇಕಾಗಿಲ್ಲ. ಓದುವ ಮನುಷ್ಯನಾಗಿ ಉಳಿಯುವ ಹಕ್ಕು ಶಿಕ್ಷಕರಿಗೂ ಇದೆ.

ನಿಮ್ಮ ಶಾಲೆಯಲ್ಲಿ ಮಕ್ಕಳು ಇಷ್ಟದ ಪುಸ್ತಕ ಹಿಡಿದು ಸುಮ್ಮನೆ ಕೂತು ಓದುವ ಪೀರಿಯಡ್ ಏನಾದರೂ ಇದೆಯಾ? ಇದ್ದರೆ ಆ ಹೊತ್ತಿನಲ್ಲಿ ನೋಟ್‌ಬುಕ್ ತಿದ್ದಬೇಡಿ. 1960ರ ದಶಕದಲ್ಲಿ ಅಮೆರಿಕದ ಲೈಮನ್ ಹಂಟ್ ಈ ಥರದ ಓದನ್ನು ಶಾಲೆಗಳಿಗೆ ಪರಿಚಯಿಸಿದರು. ಮುಂದೆ ಅದಕ್ಕೆ ರೂಪುಗೊಂಡ ನಿಯಮಗಳಲ್ಲಿ ಶಿಕ್ಷಕರೂ ಅದೇ ಹೊತ್ತಿನಲ್ಲಿ ಓದಬೇಕು ಅನ್ನುವುದೂ ಒಂದು. ಆ ಸಮಯ ನ್ಯಾಯವಾಗಿ ನಿಮ್ಮದೂ ಹೌದು. ನಾನು ಓದುತ್ತಾ ಕೂತಿದ್ದಾಗ ‘ಮಿಸ್, ಅದರಲ್ಲಿ ಏನಿದೆ?’ ಅಂತ ಕೇಳಲು ಬಂದ ಮಕ್ಕಳಿದ್ದಾರೆ. ತಿದ್ದುತ್ತಾ ಕೂತಾಗ ಯಾರೂ ಹತ್ತಿರ ಬರುವುದಿಲ್ಲ.

ಫೋನಿನಲ್ಲಿ ಓದಬಹುದಾ ಅಂದರೆ, ಕಾದಂಬರಿಯಾದರೆ ಧಾರಾಳವಾಗಿ ಓದಬಹುದು. 2018ರಲ್ಲಿ 54 ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಮಾಹಿತಿಯ ಬರಹ ಕಾಗದದಲ್ಲಿ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು. ಬರೀ ಕಥೆ ಓದಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಮಲಗುವ ಮುಂಚೆ ಮಾತ್ರ ಬೆಳಕು ಬೀರುವ ಪರದೆ ಬೇಡ, ನಿದ್ದೆ ತಡವಾಗುತ್ತದೆ.

ಇನ್ನು ಆಡಿಯೋಬುಕ್. ನನ್ನ ಮಟ್ಟಿಗೆ ಅದು ಲೆಕ್ಕಕ್ಕೆ ಬರುತ್ತದೆ. 2016ರಲ್ಲಿ ಬೆತ್ ರೊಗೌಸ್ಕಿ ಮತ್ತು ಜೊತೆಗಾರರು 91 ವಯಸ್ಕರನ್ನು ಮೂರು ಗುಂಪು ಮಾಡಿದರು. ಕೆಲವರು ಪುಸ್ತಕದ ಭಾಗ ಕೇಳಿದರು, ಕೆಲವರು ಪರದೆಯ ಮೇಲೆ ಓದಿದರು, ಕೆಲವರು ಎರಡನ್ನೂ ಒಟ್ಟಿಗೆ ಮಾಡಿದರು. ಎಷ್ಟು ಅರ್ಥವಾಯಿತು ಅನ್ನುವುದರಲ್ಲಿ ಗಮನಿಸುವಂಥ ವ್ಯತ್ಯಾಸ ಸಿಗಲಿಲ್ಲ. ಘಟನೆಗಳು ಒಂದಾದ ಮೇಲೊಂದು ನೇರವಾಗಿ ಸಾಗುವ ಪುಸ್ತಕ ಕೇಳಲು ಚೆನ್ನಾಗಿರುತ್ತದೆ, ಆತ್ಮಕಥೆ ಅಥವಾ ಪ್ರವಾಸ ಕಥನದಂಥದ್ದು. ಕೈಯಲ್ಲಿರುವ ಪುಸ್ತಕಕ್ಕಿಂತ ಬೇರೆ ಬಗೆಯದ್ದು ಆರಿಸಿಕೊಳ್ಳಿ, ಎರಡು ಕಥೆಗಳು ಒಂದರೊಳಗೊಂದು ಕಲೆಸಿಹೋಗುವುದಿಲ್ಲ. ನಡೆಯುವಾಗ, ಮನೆ ಗುಡಿಸುವಾಗ, ಬಟ್ಟೆ ಮಡಚುವಾಗ ಕೇಳಿ. ನೋಟ್‌ಬುಕ್ ತಿದ್ದುತ್ತಾ ಕೇಳುವುದು ಮಾತ್ರ ಬೇಡ. ಎರಡೂ ಮಾತಿನ ಕೆಲಸಗಳು, ಒಂದು ಇನ್ನೊಂದನ್ನು ಕೆಡಿಸುತ್ತದೆ. ಕಷ್ಟಪಟ್ಟು ಒಂದು ಒಳ್ಳೆಯ ವಾಕ್ಯ ಬರೆದ ಮಗುವಿನ ಪುಟದಲ್ಲಿ ನೀವು ಬರೀ ಸರಿ ಗುರುತು ಹಾಕಿ ಮುಂದೆ ಹೋಗಿರುತ್ತೀರಿ.