ಈಗಷ್ಟೇ ಹೊರಬಂದ ಮ್ಯಾಂಟಿಸ್ ಮರಿಗಳಿಗೆ ಏನು ತಿನ್ನಿಸಬೇಕು?

ಮುಂಗಾಲು ಮಡಚಿ ಕೈಮುಗಿದಂತೆ ಕೂರುವ ಬೇಟೆಗಾರ ಕೀಟ ಮ್ಯಾಂಟಿಸ್‌ನ ಮೊಟ್ಟೆಗೂಡಿನಿಂದ ನಿನ್ನೆ ನೂರರಷ್ಟು ಮರಿಗಳು ಹೊರಬಂದಿವೆ, ಬಾಳೆಹಣ್ಣಿನ ಚೂರು, ಕೋಳಿಮಾಂಸದ ಎಳೆ ಎರಡನ್ನೂ ಇಟ್ಟೆ, ಒಂದೂ ಮುಟ್ಟುತ್ತಿಲ್ಲ ಅಂತ ಬರೆದಿದ್ದೀರಿ. ಗಾಬರಿ ಬೇಡ. ಮೊದಲ ದಿನ ಅವು ತಿನ್ನದೇ ಇರುವುದು ಸಹಜ. ಮೈ ಗಟ್ಟಿಯಾಗಬೇಕು, ಕಾಲಿಗೆ ಬಲ ಬರಬೇಕು. ಆದರೆ ಹಸಿವು ಶುರುವಾಗಲು ಹೆಚ್ಚು ಹೊತ್ತು ಬೇಕಿಲ್ಲ. ಹಾಗಾಗಿ ಇವತ್ತೇ ಜೀವಂತ ಆಹಾರ ಹುಡುಕಿಕೊಳ್ಳಿ.

ನೀವು ಇಟ್ಟಿದ್ದನ್ನು ಅವು ಮುಟ್ಟದಿರಲು ಕಾರಣ ಇದೆ. ಮ್ಯಾಂಟಿಸ್ ಬೇಟೆಯನ್ನು ಗುರುತಿಸುವುದೇ ಚಲನೆಯಿಂದ. ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರು ಮ್ಯಾಂಟಿಸ್‌ಗಳಿಗೆ ಜೇನುಮೇಣದಿಂದ ಪುಟ್ಟ ತ್ರೀಡಿ ಕನ್ನಡಕ ಅಂಟಿಸಿ ಸಿನಿಮಾ ತೋರಿಸಿ ಪರೀಕ್ಷೆ ಮಾಡಿದ್ದರು. ದೂರ ಅಳೆಯುವಾಗ ಅವು ಚಿತ್ರದಲ್ಲಿ ಎಲ್ಲಿ ಬದಲಾವಣೆ ಆಗುತ್ತಿದೆ ಅನ್ನುವುದನ್ನೇ ನೋಡುತ್ತವೆ ಅಂತ 2018ರಲ್ಲಿ ಪ್ರಕಟಿಸಿದರು. ಅಲ್ಲಾಡದ ಮಾಂಸದ ಚೂರು ಮರಿಯ ಕಣ್ಣಿಗೆ ಊಟವೇ ಅಲ್ಲ. ಹಣ್ಣಂತೂ ಅದರ ಆಹಾರವಲ್ಲ, ಆದರೆ ಹಣ್ಣಿಗೆ ಮುತ್ತುವ ನೊಣ ಆಹಾರ.

ಕೊಳೆತ ಹಣ್ಣಿನ ಮೇಲೆ ಹಾರಾಡುವ ಕೆಂಪು ಕಣ್ಣಿನ ಸಣ್ಣ ನೊಣ ಇದೆಯಲ್ಲ, ಡ್ರಾಸೊಫಿಲ, ಅದೇ ಹೆಚ್ಚಿನ ಜಾತಿಯ ಮರಿಗಳಿಗೆ ಮೊದಲ ಊಟ. ಅದರಲ್ಲೂ ಮೆಲನೊಗ್ಯಾಸ್ಟರ್ ಅನ್ನುವ ಚಿಕ್ಕ ಜಾತಿ. ಸುಮಾರು 2-3 ಮಿಲಿಮೀಟರ್ ಉದ್ದ ಇರುತ್ತದೆ. ಹೈಡಿ ಅನ್ನುವುದು ಸ್ವಲ್ಪ ದೊಡ್ಡದು, ಒಂದೆರಡು ಸಲ ಪೊರೆ ಬಿಟ್ಟ ಮೇಲೆ ಕೊಡಿ. ಮರಿಗಳು ತೀರಾ ಸಣ್ಣವಾಗಿದ್ದು ಈ ನೊಣ ಕಂಡರೂ ಹಿಂದೆ ಸರಿಯುತ್ತಿದ್ದರೆ ಸ್ಪ್ರಿಂಗ್‌ಟೇಲ್ ಕೊಡಬೇಕಾಗುತ್ತದೆ. ಒದ್ದೆ ಮಣ್ಣಿನಲ್ಲಿ, ಕೊಳೆತ ಎಲೆಯ ಕೆಳಗೆ ಪುಟಪುಟನೆ ಜಿಗಿಯುವ ಚುಕ್ಕೆಯಂಥ ಜೀವಿ ಅದು. ಔಷಧಿ ಹೊಡೆಯದ ಗಿಡದ ಹೇನೂ ಆಗುತ್ತದೆ. ಔಷಧಿ ಹೊಡೆದಿದ್ದಾರೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಅದನ್ನು ಮುಟ್ಟಲೇಬೇಡಿ. ಇರುವೆಯನ್ನಂತೂ ಹಾಕಬೇಡಿ, ಅವು ತಿರುಗಿ ಕಚ್ಚುತ್ತವೆ.

ಇವತ್ತೇ ನೊಣ ಬೇಕೆಂದರೆ ಗಾಜಿನ ಬಾಟಲಿಯಲ್ಲಿ ಕಳಿತ ಬಾಳೆಹಣ್ಣು ಇಟ್ಟು, ಬಾಯಿಗೆ ಕಾಗದದ ಆಲಿಕೆ ಸಿಕ್ಕಿಸಿ. ಒಳಗೆ ಹೋದ ನೊಣಕ್ಕೆ ಹೊರಬರುವ ದಾರಿ ಸುಲಭಕ್ಕೆ ಸಿಗುವುದಿಲ್ಲ. ಮರಿಗಳ ಡಬ್ಬಿಗೆ ಹಾಕುವ ಮೊದಲು ಬಾಟಲಿಯನ್ನು ಕೆಲವು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ನೊಣಗಳು ಮಂಕಾಗುತ್ತವೆ, ಸುರಿಯುವುದು ಸುಲಭ. ಆದರೆ ಮುಂದಿನ ವಾರಗಳನ್ನು ಹೀಗೆ ಹಿಡಿದುಕೊಂಡೇ ದಾಟಿಸಲು ಆಗುವುದಿಲ್ಲ. ಹಾರಲು ಬಾರದ ತಳಿಯ ನೊಣ ತಂದು ನೀವೇ ಬೆಳೆಸಿ. ಕಿವುಚಿದ ಬಾಳೆಹಣ್ಣು, ಓಟ್ಸ್, ಚಿಟಿಕೆ ಯೀಸ್ಟ್, ಮೇಲೆ ಹತ್ತಲು ಒಂದಿಷ್ಟು ಕಾಗದ, ಬಾಯಿಗೆ ಬಿಗಿಯಾದ ಬಟ್ಟೆ. ಇಷ್ಟೇ. 25 ಡಿಗ್ರಿ ಆಸುಪಾಸಿನಲ್ಲಿ ಮೊಟ್ಟೆಯಿಂದ ನೊಣ ಆಗಲು ಸುಮಾರು ಹತ್ತು ದಿನ ಬೇಕು. ಒಂದೇ ಬಾಟಲಿ ನಂಬಬೇಡಿ. ಬೂಷ್ಟು ಹಿಡಿದರೆ ಎಲ್ಲ ಹೋಯಿತು. ವಾರಕ್ಕೊಂದು ಹೊಸ ಬಾಟಲಿ ಶುರು ಮಾಡಿ. ಮುಂದಿನ ಸಲ ಮೊಟ್ಟೆಗೂಡು ತಂದ ದಿನವೇ ಈ ಕೆಲಸಕ್ಕೆ ಕೈ ಹಾಕಿ, ಮರಿ ಬರುವವರೆಗೆ ಕಾಯಬೇಡಿ.

ಎಷ್ಟು ಕೊಡಬೇಕು ಅಂತಲೂ ಕೇಳಿದ್ದೀರಿ. ಒಂದು ಮರಿಗೆ ಮೂರು-ನಾಲ್ಕು ನೊಣ, ದಿನಕ್ಕೊಮ್ಮೆ ಅಥವಾ ದಿನ ಬಿಟ್ಟು ದಿನ, ಅಂತ ಶುರು ಮಾಡಿ. ಆಮೇಲೆ ಲೆಕ್ಕ ಬಿಡಿ, ಹೊಟ್ಟೆ ನೋಡಿ. ಹೊಟ್ಟೆ ಚಪ್ಪಟೆಯಾಗಿ ಒಣಗಿದಂತೆ ಕಂಡರೆ ಹಸಿದಿದೆ. ಉಬ್ಬಿ ದುಂಡಗಿದ್ದರೆ ಸಾಕು. ಡಬ್ಬಿ ತುಂಬ ನೊಣ ಸುರಿದರೆ ಒಳ್ಳೆಯದು ಅಂತ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ಮೈಮೇಲೆ ಹತ್ತಿ ಇಳಿಯುವ ನೊಣಗಳಿಂದ ಮರಿ ಹೆದರಿ ಮೂಲೆ ಸೇರುತ್ತದೆ, ಬೇಟೆಯನ್ನೇ ಬಿಡುತ್ತದೆ.

ನೀರಿನ ವಿಷಯ ಆಹಾರದಷ್ಟೇ ಮುಖ್ಯ. ನನ್ನ ಅನುಭವದಲ್ಲಿ ಮರಿಗಳು ಹಸಿವಿಗಿಂತ ಬಾಯಾರಿಕೆಯಿಂದ ಸಾಯುವುದೇ ಜಾಸ್ತಿ. ದಿನಕ್ಕೊಮ್ಮೆ ಡಬ್ಬಿಯ ಒಂದು ಬದಿಗೆ ಸಣ್ಣಗೆ ನೀರು ಸಿಂಪಡಿಸಿ, ಅವು ಹನಿಗೆ ಬಾಯಿಟ್ಟು ಕುಡಿಯುತ್ತವೆ. ದಪ್ಪ ಹನಿ ಬೇಡ, ಇಷ್ಟು ಪುಟ್ಟ ಜೀವ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ನೀರಿನ ಬಟ್ಟಲು ಇಡಲೇಬೇಡಿ. ಮುಚ್ಚಳಕ್ಕೆ ಬಟ್ಟೆ ಅಥವಾ ಸಣ್ಣ ಜಾಲರಿ ಇರಲಿ, ಗಾಳಿ ಆಡಬೇಕು. ಮುಂದಿನ ಸಿಂಪಡಿಕೆಯ ಹೊತ್ತಿಗೆ ಹಿಂದಿನದು ಆರಿರಬೇಕು.

ಆ ಬಟ್ಟೆಗೆ ಇನ್ನೊಂದು ಕೆಲಸವೂ ಇದೆ. ಪೊರೆ ಬಿಡುವಾಗ ಮರಿ ತಲೆಕೆಳಗಾಗಿ ಅದನ್ನೇ ಹಿಡಿದು ನೇತಾಡುತ್ತದೆ. ಕೆಳಗೆ ಜಾಗ ಸಾಲದಿದ್ದರೆ ಹೊಸ ಮೈ ಸೊಟ್ಟಗಾಗುತ್ತದೆ. ಹಾಗಾಗಿ ಡಬ್ಬಿಯ ಎತ್ತರ ಮರಿಯ ಉದ್ದದ ಮೂರು ಪಟ್ಟಾದರೂ ಇರಲಿ. ಚೆನ್ನಾಗಿ ತಿನ್ನುತ್ತಿದ್ದ ಮರಿ ಇದ್ದಕ್ಕಿದ್ದಂತೆ ಊಟ ಬಿಟ್ಟು ಮೇಲೆ ನೇತುಬಿದ್ದಿದೆಯಾ? ಅದು ಕಾಯಿಲೆ ಅಂತ ಕೈ ಹಾಕಬೇಡಿ. ಉಳಿದ ನೊಣ ತೆಗೆದು ಸುಮ್ನೆ ಬಿಟ್ಟುಬಿಡಿ. ಪೊರೆ ಬಿಟ್ಟ ಮೇಲೆ ಒಂದು ದಿನ ಕಳೆದು ಊಟ ಕೊಡಿ. ಪೊರೆ ಬಿಟ್ಟ ಕೂಡಲೇ ಅದರ ಮೈ ಮೆತ್ತಗಿರುತ್ತದೆ, ಒಂದು ನೊಣ ಕೂಡ ತೊಂದರೆ ಮಾಡಬಹುದು.

ಯಾವುದಾದರೂ ಮರಿ ತೀರಾ ಸೊರಗಿ ಬೇಟೆಯಾಡಲಾಗದೆ ಕೂತಿದ್ದರೆ, ನೊಣವೊಂದನ್ನು ಜಜ್ಜಿ ಚಿಮುಟದ ತುದಿಯಲ್ಲಿ ಹಿಡಿದು ಮೆಲ್ಲಗೆ ಬಾಯಿಗೆ ತಾಗಿಸಿ. ರಸದ ರುಚಿ ಸಿಕ್ಕರೆ ಎಷ್ಟೋ ಸಲ ಅದನ್ನು ಹಿಡಿದು ತಿನ್ನಲು ಶುರು ಮಾಡುತ್ತದೆ. ಇದು ನೂರು ಮರಿಗಳಿಗೆ ಮಾಡುವ ಕೆಲಸವಲ್ಲ. ಆದರೂ ಒಂದೆರಡು ಜೀವ ಉಳಿಯುತ್ತದೆ.

ಈ ನೂರರ ಬಗ್ಗೆಯೂ ಹೇಳಬೇಕು. ಒಟ್ಟಿಗೆ ಇಟ್ಟರೆ ಅವು ಒಂದನ್ನೊಂದು ತಿನ್ನುತ್ತವೆ. ಮೊದಲ ಕೆಲವು ದಿನ ಹೊಟ್ಟೆ ತುಂಬ ಕೊಟ್ಟರೆ ಇದು ಕಡಿಮೆ, ಪೂರ್ತಿ ನಿಲ್ಲುವುದಿಲ್ಲ. ಎರಡನೇ ಪೊರೆ ಬಿಡುವಷ್ಟರಲ್ಲಿ ಒಂದೊಂದಕ್ಕೂ ಬೇರೆ ಡಬ್ಬಿ ಬೇಕು. ನಿಮಗೆ ನಿಜವಾಗಿ ನೋಡಿಕೊಳ್ಳಲು ಆಗುವಷ್ಟನ್ನೇ, ಹತ್ತೋ ಹದಿನೈದೋ, ಇಟ್ಟುಕೊಳ್ಳಿ. ಮೊಟ್ಟೆಗೂಡು ನಿಮ್ಮ ತೋಟದ್ದೇ ಆಗಿದ್ದರೆ ಉಳಿದವನ್ನು ಈಗಲೇ ಸಿಕ್ಕಿದ ಜಾಗದ ಸುತ್ತಲ ಗಿಡಗಳ ಮೇಲೆ ದೂರ ದೂರ ಬಿಡಿ. ದುಡ್ಡು ಕೊಟ್ಟು ತಂದ ಬೇರೆ ಪ್ರದೇಶದ ಜಾತಿಯಾಗಿದ್ದರೆ ಒಂದನ್ನೂ ಹೊರಗೆ ಬಿಡಬೇಡಿ, ಸಾಕುವ ಬೇರೆಯವರಿಗೆ ಕೊಡಿ. ಜಾತಿ ಯಾವುದು ಅಂತ ನೀವು ಬರೆದಿಲ್ಲ. ಮೊಟ್ಟೆಗೂಡಿನ ಫೋಟೊ ಹಾಕಿದರೆ ನೋಡಿ ಹೇಳುತ್ತೇನೆ.