ಓವೆನ್ಸ್ ಕಣಿವೆಯ ಹಳೇ ನಕ್ಷೆಯಲ್ಲಿ ಮೊದಲು ನೀಲಿ ಗೆರೆ ನೋಡಿ

ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯ ನೂರು ವರ್ಷ ಹಳೆಯ ನಕ್ಷೆಗಳು ಎಲ್ಲಿ ಸಿಗುತ್ತವೆ, ಅವುಗಳಲ್ಲಿ ಏನು ನೋಡಬೇಕು ಅಂತ ಕೇಳಿದ್ದೀರಿ.

ಸಿಗುವುದು ಸುಲಭ. ಅಮೆರಿಕದ ಸರ್ವೆ ಸಂಸ್ಥೆ ಯುಎಸ್‌ಜಿಎಸ್ 1884ರಿಂದ 2006ರವರೆಗಿನ ತನ್ನ ಟೋಪೋಶೀಟ್‌ಗಳನ್ನು, ಅಂದರೆ ಬೆಟ್ಟ-ಹಳ್ಳ, ಎತ್ತರ-ತಗ್ಗು ತೋರಿಸುವ ನಕ್ಷೆ ಹಾಳೆಗಳನ್ನು, ಸ್ಕ್ಯಾನ್ ಮಾಡಿ 'ಟೋಪೋವ್ಯೂ' ಎಂಬ ತಾಣದಲ್ಲಿ ಇಟ್ಟಿದೆ. ದುಡ್ಡು ಕೊಡಬೇಕಿಲ್ಲ. ಲೋನ್ ಪೈನ್ ಊರನ್ನು ಹುಡುಕಿ, 1907ರ 'ಮೌಂಟ್ ವಿಟ್ನಿ' ಹಾಳೆಯಿಂದ ಶುರು ಮಾಡಿ.

ನಾನಾದರೆ ಮೊದಲು ನೀಲಿ ಗೆರೆ, ಅಂದರೆ ನೀರಿನ ಗುರುತು, ನೋಡುತ್ತೇನೆ. ಈ ಕಣಿವೆ ಸುಮಾರು 4,000 ಅಡಿ ಎತ್ತರದ ಮರುಭೂಮಿ. ಪಶ್ಚಿಮಕ್ಕೆ ಸಿಯೆರಾ ನೆವಾಡ ಬೆಟ್ಟಸಾಲು ಮಳೆಮೋಡವನ್ನು ತಡೆಯುತ್ತದೆ. ಆದರೆ ಅದೇ ಬೆಟ್ಟದ ಹಿಮ ಕರಗಿ ಹಳ್ಳಗಳಾಗಿ ಇಳಿಯುತ್ತದೆ. ಆ ನೀರನ್ನು ಕಾಲುವೆ ತೆಗೆದು ಹೊಲಕ್ಕೆ, ದನದ ಹುಲ್ಲುಗಾವಲಿಗೆ ತಿರುಗಿಸಿಕೊಂಡೇ ಇಲ್ಲಿನ ರೈತರು ಬದುಕಿದ್ದು. 1913ರಲ್ಲಿ ಲಾಸ್ ಏಂಜಲೀಸ್ ನಗರ 233 ಮೈಲಿ ಉದ್ದದ ಕಾಲುವೆ ಕಟ್ಟಿ ಓವೆನ್ಸ್ ನದಿಯನ್ನೇ ತನ್ನ ಕಡೆಗೆ ತಿರುಗಿಸಿತು. 1920ರ ದಶಕ ಮುಗಿಯುವ ಮೊದಲೇ ಆ ನದಿ ಸೇರುತ್ತಿದ್ದ ಓವೆನ್ಸ್ ಸರೋವರ ಒಣಗಿತು. ಕಾಲುವೆಗೆ ಮುಂಚೆ ಅಳೆದ ಹಾಳೆಯನ್ನೂ ಆಮೇಲಿನದನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹೊಟ್ಟೆ ಚುರುಕ್ ಅನ್ನುತ್ತದೆ. ಈಗಲೂ ಅಲ್ಲಿ ದನ ಮೇಯುತ್ತವೆ. ಆದರೆ ನೆಲ ಜಾಸ್ತಿ ಕಡೆ ನಗರದ ನೀರಿನ ಇಲಾಖೆಯದು, ರೈತರದು ಬರೀ ಗುತ್ತಿಗೆ.

ನೀಲಿ ಗೆರೆ ತುಂಡು ತುಂಡಾಗಿದ್ದರೆ ಅಲ್ಲಿ ವರ್ಷವಿಡೀ ನೀರಿಲ್ಲ ಎಂದರ್ಥ. ನೇರಳೆ ಬಣ್ಣ ಕಂಡರೆ ಅದು ವಿಮಾನದ ಫೋಟೋ ನೋಡಿ ಆಮೇಲೆ ಸೇರಿಸಿದ್ದು. ಅಂಚಿನಲ್ಲಿರುವ ಅಳತೆಯ ವರ್ಷವನ್ನೂ ಓದಿ. ಅಚ್ಚಿನ ವರ್ಷ ಬೇರೆ, ಅಳೆದ ವರ್ಷ ಬೇರೆ. ಹಳೇ ಹಾಳೆಯನ್ನು ಇಂದಿನ ಜಿಪಿಎಸ್ ಮೇಲೆ ಸುಮ್ನೆ ಕೂರಿಸಿದರೆ ಹತ್ತಾರು ಮೀಟರ್ ಸರಿದಿರುತ್ತದೆ, ಅದನ್ನು ಸರಿಪಡಿಸಿಕೊಳ್ಳಬೇಕು.

ನಕ್ಷೆಯಲ್ಲಿ ಇಲ್ಲದ್ದನ್ನೂ ಹುಡುಕಿ. 1907ರ ಹಾಳೆಯಲ್ಲಿ ಮಾಂಜನಾರ್ ಎಂಬ ಊರಿಲ್ಲ, ಅದು ಶುರುವಾದದ್ದು 1910ರಲ್ಲಿ. ಸ್ಪ್ಯಾನಿಷ್‌ನಲ್ಲಿ ಸೇಬಿನ ತೋಟ ಅಂತ ಅರ್ಥ. ನಗರ ಅಲ್ಲಿನ ನೆಲ, ನೀರು ಕೊಂಡಿತು. ಇಪ್ಪತ್ತು ವರ್ಷದೊಳಗೆ ಊರು ಖಾಲಿಯಾಯಿತು. ಎರಡು ಅಳತೆಗಳ ನಡುವೆ ಹುಟ್ಟಿ ಮುಗಿದ ಇಂಥ ಊರು ನಕ್ಷೆಗೆ ಸಿಗದೇ ಹೋಗಬಹುದು. 1942ರಲ್ಲಿ, ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದಾಗ, ಅದೇ ಜಾಗದಲ್ಲಿ ಅಮೆರಿಕ ಸರ್ಕಾರ ಜಪಾನೀ ಮೂಲದ ಹತ್ತು ಸಾವಿರ ಜನರನ್ನು ಮುಳ್ಳುತಂತಿಯ ಬೇಲಿಯೊಳಗೆ ಕೂಡಿಹಾಕಿತು. ಮುಂದಿನ ಸಲ ಹೋದಾಗ ಅಲ್ಲಿ ಇಳಿದು ನೋಡಿ. ಆ ಹಳೇ ತೋಟದ ಸೇಬು, ಪೇರ್ ಮರಗಳು ಕೆಲವು ಇನ್ನೂ ಇವೆ.