ಬ್ರೇಕ್ ಒತ್ತಿದರೆ ಟ್ರೇಲರ್‌ನ ಇಂಡಿಕೇಟರ್ ಹತ್ತುತ್ತದೆ, ಯಾಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ 1968ರ ಷೆವ್ರೊಲೆ ಪಿಕಪ್ ಇದೆ, ಅಮೆರಿಕದ ಮಾಡೆಲ್. ಹಳೆ ಬೈಕುಗಳನ್ನು ಸಾಗಿಸಲು ಪೀಣ್ಯದಲ್ಲಿ ಒಂದು ಸಣ್ಣ ಟ್ರೇಲರ್ ಮಾಡಿಸಿದೆ. ಈಗ ಬ್ರೇಕ್ ಒತ್ತಿದರೆ ಟ್ರೇಲರ್‌ನ ಎರಡೂ ಇಂಡಿಕೇಟರ್ ಹತ್ತುತ್ತವೆ, ಕೆಂಪು ಬ್ರೇಕ್ ಲೈಟ್ ಹತ್ತುವುದೇ ಇಲ್ಲ. ಬಣ್ಣಕ್ಕೆ ಬಣ್ಣ ಸೇರಿಸಿದ್ದೇವೆ, ವೈರಿಂಗ್ ಸರಿಯಿದೆ ಅಂತಾರೆ ಗ್ಯಾರೇಜಿನವರು. ಏನು ಮಾಡಲಿ?
– ಓದುಗರೊಬ್ಬರು, ಜಯನಗರ

ಉತ್ತರ: ದಯವಿಟ್ಟು ಇದು ಸರಿಯಾಗುವ ತನಕ ಟ್ರೇಲರ್ ರಸ್ತೆಗೆ ಇಳಿಸಬೇಡಿ. ಹಿಂದೆ ಬರುವ ಸ್ಕೂಟರ್‌ನವರಿಗೆ ನೀವು ಬ್ರೇಕ್ ಹಾಕಿದ್ದು ಗೊತ್ತೇ ಆಗುವುದಿಲ್ಲ.

ಬಣ್ಣಕ್ಕೆ ಬಣ್ಣ ಸೇರಿಸಿದ್ದೇ ಇಲ್ಲಿ ತೊಂದರೆ. ಅಮೆರಿಕದ ನಾಲ್ಕು ತಂತಿಯ ಟ್ರೇಲರ್ ವೈರಿಂಗ್‌ನಲ್ಲಿ ಬಿಳಿ ಅರ್ತ್, ಕಂದು ಟೇಲ್ ಲೈಟ್, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ನಿಮ್ಮ ಟ್ರೇಲರ್‌ಗೆ ಹಾಕಿರಬಹುದಾದ, ಐಎಸ್‌ಒ 1724 ಎಂಬ ಅಂತರರಾಷ್ಟ್ರೀಯ ಮಾನದಂಡದ ಏಳು ಪಿನ್ನಿನ ಸಾಕೆಟ್‌ನಲ್ಲೂ ಹಳದಿ ಎಡ ಇಂಡಿಕೇಟರ್, ಹಸಿರು ಬಲ, ಬಿಳಿ ಅರ್ತ್. ನೋಡಲು ಒಂದೇ ಥರ, ಅಲ್ವಾ? ಆದರೆ ಅಮೆರಿಕದ ಹಳದಿ, ಹಸಿರು ತಂತಿಗಳಲ್ಲಿ ಬ್ರೇಕ್ ಕೂಡ ಬರುತ್ತದೆ. ಅಲ್ಲಿ ಒಂದೇ ಕೆಂಪು ಬಲ್ಬು ಬ್ರೇಕಿಗೂ ಹತ್ತಬಹುದು, ಇಂಡಿಕೇಟರ್ ಆಗಿಯೂ ಮಿಣುಕಬಹುದು. ನಮ್ಮಲ್ಲಿ ಇಂಡಿಕೇಟರ್ ಅಂಬರ್ ಬಣ್ಣದ್ದು, ಬ್ರೇಕ್ ಕೆಂಪು, ಎರಡೂ ಬೇರೆ ಬೇರೆ. ಐಎಸ್‌ಒ ಸಾಕೆಟ್‌ನಲ್ಲಿ ಬ್ರೇಕಿಗೆ ಅಂತಲೇ 6ನೇ ಪಿನ್, ಕೆಂಪು ತಂತಿ ಇದೆ. ನಿಮ್ಮ ಪಿಕಪ್‌ನಿಂದ ಹಿಂದಕ್ಕೆ ಬರುವ ತಂತಿಗಳಲ್ಲಿ ಅದಕ್ಕೆ ಜೋಡಿಯೇ ಇಲ್ಲ.

ಆನ್‌ಲೈನ್‌ನಲ್ಲಿ ಸಿಗುವ ಟ್ರೇಲರ್ ಲೈಟ್ ಕನ್ವರ್ಟರ್ (ಗಾಡಿಯ ಸಿಗ್ನಲ್‌ಗಳನ್ನು ಟ್ರೇಲರ್‌ಗೆ ಹೊಂದಿಸುವ ಡಬ್ಬಿ) ಸುಮ್ನೆ ತರಿಸಬೇಡಿ. ಅವು ಜಾಸ್ತಿ ಉಲ್ಟಾ ಕೆಲಸದವು. ಬೇರೆ ಬೇರೆ ಇರುವ ಸಿಗ್ನಲ್‌ಗಳನ್ನು ಒಂದಾಗಿಸುತ್ತವೆ.

ನಿಮ್ಮ ಗಾಡಿಯಲ್ಲಿ ಇದಕ್ಕಿಂತ ಸುಲಭದ ದಾರಿ ಇದೆ. ಬ್ರೇಕ್ ಮತ್ತು ಇಂಡಿಕೇಟರ್ ಒಂದಾಗುವುದು ಸ್ಟೀರಿಂಗ್ ಕಾಲಮ್‌ನ ಸ್ವಿಚ್‌ನಲ್ಲಿ. ಅದಕ್ಕೂ ಮುಂಚೆ, ಪೆಡಲ್ ಸ್ವಿಚ್‌ನಿಂದ ಕಾಲಮ್‌ಗೆ ಹೋಗುವ ತಂತಿಯಲ್ಲಿ ಬರೀ ಬ್ರೇಕ್ ಇರುತ್ತದೆ. ಆ ಕಂಪನಿಯ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ ಬಿಳಿ ತಂತಿ. ಹಾಗೆಯೇ ಮುಂದಿನ ಇಂಡಿಕೇಟರ್‌ಗೆ ಹೋಗುವ ತಿಳಿ ನೀಲಿ (ಎಡ), ಕಡು ನೀಲಿ (ಬಲ) ತಂತಿಗಳಿಗೆ ಬ್ರೇಕ್ ಸೋಂಕೇ ಇಲ್ಲ. ಈ ಮೂರನ್ನೇ ಹಿಡಿಯಿರಿ. ಅಷ್ಟು ಹಳೆ ಗಾಡಿ, ಯಾರ್ಯಾರು ಎಲ್ಲೆಲ್ಲಿ ಜಾಯಿಂಟ್ ಹಾಕಿದ್ದಾರೋ! ಬಣ್ಣ ನಂಬದೆ ಟೆಸ್ಟ್ ಲ್ಯಾಂಪ್ (ತಂತಿಯಲ್ಲಿ ಕರೆಂಟ್ ಇದ್ದರೆ ಹತ್ತುವ ಪುಟ್ಟ ಬಲ್ಬು) ಇಟ್ಟು ಒಂದೊಂದನ್ನೂ ನೋಡಿ.

ಇವನ್ನು ನೇರವಾಗಿ ಟ್ರೇಲರ್‌ಗೆ ಕೊಡಬೇಡಿ. ಮೂರು ರಿಲೇ ಹಾಕಿಸಿ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್, ಅದರ ಪಿನ್ನುಗಳ ಮೇಲೆ ನಂಬರ್ ಇರುತ್ತದೆ. ಸಿಗ್ನಲ್ ತಂತಿ 86ಕ್ಕೆ, 85 ಅರ್ತ್‌ಗೆ, ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸ್ ಮೂಲಕ ಬಂದ ತಂತಿ 30ಕ್ಕೆ, 87ರಿಂದ ಟ್ರೇಲರ್‌ಗೆ. 21 ವ್ಯಾಟ್‌ನ ಒಂದು ಬಲ್ಬು 12 ವೋಲ್ಟ್‌ನಲ್ಲಿ 1.75 ಆಂಪಿಯರ್ ಎಳೆಯುತ್ತದೆ. ಆ ಹೊರೆಯೆಲ್ಲ ಹಳೇ ಸ್ವಿಚ್ಚಿನ ಮೇಲೆ ಬೀಳುವುದು ಬೇಡ. ಜೊತೆಗೆ, ಆ ಕಾಲದ ಬಿಸಿಯಾಗಿ ಮಿಣುಕುವ ಫ್ಲ್ಯಾಷರ್ ಲೋಡ್ ಜಾಸ್ತಿಯಾದರೆ ಬೇಗ ಬೇಗ ಮಿಣುಕುತ್ತದೆ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿಣುಕಬೇಕು. ರಿಲೇ ಇದ್ದರೆ ಫ್ಲ್ಯಾಷರ್‌ಗೆ ಟ್ರೇಲರ್ ಇರುವುದೇ ತಿಳಿಯುವುದಿಲ್ಲ. ಹಜಾರ್ಡ್ ಲೈಟೂ ತಾನಾಗಿಯೇ ಕೆಲಸ ಮಾಡುತ್ತದೆ.

ಟೇಲ್ ಲೈಟ್‌ಗೆ ಈಗಿನ ಕಂದು ತಂತಿ ಸಾಕು. ಏಳು ಪಿನ್ನಿನಲ್ಲಿ ಎಡ ಟೇಲ್ 7ನೇ ಪಿನ್, ಬಲ ಟೇಲ್ 5. ಎರಡಕ್ಕೂ ಕೊಡಿಸಿ, ನಂಬರ್ ಪ್ಲೇಟ್ ಲೈಟನ್ನೂ ಅಲ್ಲಿಂದಲೇ ಎಳೆಸಿ.

ಅರ್ತ್‌ಗೆ ಟೋ ಬಾಲನ್ನು ನಂಬಬೇಡಿ. ಗ್ರೀಸ್, ತುಕ್ಕು ಎರಡೂ ಅಡ್ಡ ಬರುತ್ತವೆ. ದಪ್ಪ ಬಿಳಿ ತಂತಿಯನ್ನು ಚಾಸಿಗೆ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಬಳೆ) ಹಾಕಿ, ಪೇಂಟ್ ಕೆರೆದು ಬಿಗಿಸಿ. ರಿಲೇ, ಸ್ಲೀವ್ ಎಸ್‌ಪಿ ರಸ್ತೆಯಲ್ಲಿ ನೋಡಿ. ಸಾಕೆಟ್‌ಗೆ ಜೆಸಿ ರಸ್ತೆಯಲ್ಲಿ ವಿಚಾರಿಸಿ, 12 ವೋಲ್ಟ್‌ನದ್ದೇ ಬೇಕೆಂದು ಹೇಳಿ. ಲಾರಿಗಳದ್ದು 24 ವೋಲ್ಟ್.

ಕೊನೆಗೆ ಒಬ್ಬರನ್ನು ಹಿಂದೆ ನಿಲ್ಲಿಸಿ, ಟೇಲ್ ಲೈಟ್ ಹಾಕಿ, ಬ್ರೇಕ್ ಒತ್ತಿಕೊಂಡೇ ಎಡ ಇಂಡಿಕೇಟರ್ ಹಾಕಿ. ಮೂರೂ ಒಟ್ಟಿಗೆ ಸರಿ ಬರಬೇಕು. ಬ್ರೇಕ್ ಲೈಟ್ ಇಂಡಿಕೇಟರ್ ಜೊತೆ ಮಂಕಾಗಿ ಕುಣಿದರೆ ಮೊದಲು ಅರ್ತ್ ನೋಡಿ. ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ವಾಹನವೇ. ಅದರ ನೋಂದಣಿ ಆಗಿಲ್ಲದಿದ್ದರೆ ಈ ಕೆಲಸ ಮುಗಿದ ಕೂಡಲೇ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ.